ಕಿಟಕಿಯ ಪರದೆ

ನಿರಂಜನ ಕಾಂಟ್ರ್ಯಾಕ್ಟಿನ ಹಾಳೆಗಳನ್ನು ಮೇಜಿನ ಮೇಲಿಟ್ಟ. ಭದ್ರಾವತಿಯ ಯೂನಿಯನ್ ಕೊಠಡಿಯಲ್ಲಿದ್ದ ಯಾರೂ ಅವನ್ನು ಮುಟ್ಟಲಿಲ್ಲ. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಆಫೀಸು ಇಟ್ಟುಕೊಂಡು ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವ ಈ ಮನುಷ್ಯನನ್ನು ಅಲ್ಲಿಗೆ ಕರೆತಂದವನು ಭೀಮೇಶ. ಹಾಗಾಗಿ ಎಲ್ಲರೂ ಹಾಳೆ ಬಿಟ್ಟು ಭೀಮೇಶನ ಮುಖವನ್ನೇ ನೋಡುತ್ತಿದ್ದರು.

ಯುರೋಪಿನ ಯಾವುದೋ ಊರಿನ ಫೌಂಡ್ರಿ. ಊರಿನ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಮರಳಿನ ಅಚ್ಚು ಕಟ್ಟಿ, ಕಾದ ಕಬ್ಬಿಣ ಹೊಯ್ಯಬಲ್ಲವರು ಬೇಕಂತೆ. ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುತ್ತಾರಾ ಎಂದು ಒಬ್ಬ ಕೇಳಿದ. ಊಟಕ್ಕೆ ಏನು ಹಾಕುತ್ತಾರೆ ಎಂದು ಇನ್ನೊಬ್ಬ. ಕಾಯಿಲೆ ಬಿದ್ದರೆ, ಕೈ ಸುಟ್ಟುಕೊಂಡರೆ, ಸತ್ತರೆ ಎಂದು ಮೂಲೆಯಲ್ಲಿದ್ದವನು ಒಂದೇ ಉಸಿರಿಗೆ ಕೇಳಿ ಮುಗಿಸಿದ. ಎಲ್ಲಕ್ಕೂ ನಿರಂಜನನ ಬಳಿ ಒಳ್ಳೆಯ ಉತ್ತರವೇ ಇತ್ತು. ಪಾಸ್‌ಪೋರ್ಟ್ ನಿಮ್ಮ ಜೇಬಿನಲ್ಲೇ ಇರುತ್ತದೆ, ಅನ್ನ ಸಾರು ಮಾಡುವವನನ್ನೂ ಕಳಿಸುತ್ತೇವೆ, ಏರ್‌ಪೋರ್ಟಿಗೆ ಕಂಪನಿ ಬಸ್ಸೇ ಬರುತ್ತದೆ ಎಂದ. ಉತ್ತರಗಳು ಒಳ್ಳೆಯದಾದಷ್ಟೂ ಯೂನಿಯನ್ ಕಾರ್ಯದರ್ಶಿ ರಂಗಪ್ಪನ ಹುಬ್ಬು ಬಿಗಿಯುತ್ತಾ ಹೋಯಿತು.

“ಇಷ್ಟು ಚೆನ್ನಾಗಿರೋ ಕೆಲ್ಸ ನಮ್ಮನ್ನ ಯಾಕೆ ಹುಡುಕ್ಕೊಂಡು ಬಂತು ಮಾರಾಯ?” ಎಂದ.

ಭೀಮೇಶನಿಗೆ ಕಸಿವಿಸಿಯಾಯಿತು. ಧರಣಿ ಮುರಿದುಬಿದ್ದ ಮೇಲೆ ಇಲ್ಲಿನ ಫೌಂಡ್ರಿ ಅವರನ್ನೆಲ್ಲ ಮತ್ತೆ ಒಳಗೆ ಸೇರಿಸಿಕೊಂಡಿರಲಿಲ್ಲ. ಅವನು ಕಾಗದನಗರದ ಮನೆಮನೆಯ ನಲ್ಲಿ, ಮೋಟರು ರಿಪೇರಿ ಮಾಡಿಕೊಂಡಿದ್ದ. ಮಗಳು ಕವನಳಿಗೆ ನವುಲೆಯ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡು ಹೊಂದಿರಲಿಲ್ಲ. ಯುರೋಪಿನಲ್ಲಿ ಚಳಿ ಜಾಸ್ತಿ ಎಂದು ಕೇಳಿದ್ದೇ ಹೆಂಡತಿ ಕರಿಬಸಮ್ಮ ಉಣ್ಣೆಯ ಸ್ವೆಟರ್ ತಂದು, ಈ ಸೆಖೆಯಲ್ಲೇ ಅವನಿಗೆ ತೊಡಿಸಿ, ತೋಳಿನ ಉದ್ದ ಸರಿ ಇದೆಯೇ ಎಂದು ಎಳೆದೆಳೆದು ನೋಡಿದ್ದಳು.

“ನಿಮ್ಗೆ ಎಲ್ಲದ್ರಲ್ಲೂ ಅನುಮಾನ ರಂಗಣ್ಣ. ಮನೇಲಿ ಅಕ್ಕ ಕೊಟ್ಟ ಕಾಫೀನೂ ಮೂಸಿ ನೋಡಿ ಕುಡಿಯೋರು ನೀವು” ಎಂದ ಭೀಮೇಶ.

ನಾಲ್ಕು ಜನ ನಕ್ಕರು. ರಂಗಪ್ಪನೂ ನಕ್ಕ, ಆದರೆ ಹಾಳೆ ಮುಟ್ಟಲಿಲ್ಲ. ವೀಸಾ ಬಂದ ದಿನವೇ ಹೊರಡಬೇಕು ಅನ್ನುವಷ್ಟು ಅವಸರ ಏನು ಎಂದು ಕೇಳಿದ. ಆರ್ಡರುಗಳು ಬಾಕಿ ಬಿದ್ದಿವೆ, ಹೋದವರು ಹೋದಂತೆ ಕೆಲಸಕ್ಕೆ ನಿಲ್ಲಬೇಕು, ಹೇಳಿಕೊಡಲು ಅಲ್ಲಿ ಯಾರೂ ಇರುವುದಿಲ್ಲ ಎಂದು ನಿರಂಜನ ಸಮಜಾಯಿಷಿ ಕೊಟ್ಟ.

“ಅಷ್ಟು ದೊಡ್ಡ ಫೌಂಡ್ರೀಲಿ ಹೇಳ್ಕೊಡೋಕೆ ಒಬ್ರೂ ಇಲ್ವಾ?”

ನೀವೇ ನೋಡಿಬಿಡಿ ಎಂದು ನಿರಂಜನ ಫೋನು ತೆಗೆದ. ಅವನ ಕಡೆಯವನೊಬ್ಬ ಮೊನ್ನೆ ಆ ಫೌಂಡ್ರಿಯ ಮುಂದೆ ಕಾರಿನಿಂದ ತೆಗೆದ ವಿಡಿಯೋ. ಭೀಮೇಶ ತಾನೇ ಫೋನು ಇಸಿದುಕೊಂಡು ಎಲ್ಲರಿಗೂ ಕಾಣುವಂತೆ ಹಿಡಿದ. ಅಗಲವಾದ ರಸ್ತೆ, ಸಾಲು ಶೆಡ್ಡುಗಳು, ಎತ್ತರದ ಗೇಟು. ಗೇಟಿನ ಪಕ್ಕ ನೀಲಿ ಟಾರ್ಪಾಲಿನ ಕೆಳಗೆ ದಪ್ಪ ಜಾಕೆಟ್ ಹಾಕಿಕೊಂಡ ಜನ ಕೂತಿದ್ದರು. ಅದೇನೋ ಕ್ಯಾಂಟೀನು ಎಂದ ನಿರಂಜನ. ಭೀಮೇಶ ವಿಡಿಯೋ ನಿಲ್ಲಿಸಿದ. ಕೂತವರ ಮುಂದೆ ನೆಲದ ಮೇಲೆ ಅವರವರ ಹೆಲ್ಮೆಟ್ಟುಗಳು ಸಾಲಾಗಿದ್ದವು.

ಇಲ್ಲಿ ಧರಣಿ ಕೂತಾಗ ಹೆಲ್ಮೆಟ್ ತೆಗೆದು ಹಾಗೇ ಗೇಟಿನ ಮುಂದೆ ಸಾಲಾಗಿಡೋಣ ಎಂದವನೇ ಭೀಮೇಶ. ಒಂದು ಬೆಳಿಗ್ಗೆ ಆ ಸಾಲಿನ ಪಕ್ಕದಲ್ಲೇ ಇವರ ಬದಲಿಗೆ ಕರೆಸಿದ ಹೊರಗಿನ ಕೆಲಸಗಾರರನ್ನು ತುಂಬಿಕೊಂಡ ಬಸ್ಸು ಒಳಗೆ ಹೋಗಿತ್ತು. ಮುಖ ತೋರಿಸ್ರೋ ಎಂದು ಕೂಗುತ್ತಾ, ಬಸ್ಸಿನ ಮೈಗೆ ಬಡಿಯುತ್ತಾ ಅವನು ಗೇಟಿನವರೆಗೂ ಓಡಿದ್ದ. ಒಂದು ಕಿಟಕಿಯ ಪರದೆ ತುಸು ಸರಿದು, ಯಾರವೋ ಬೆರಳು ಕಂಡು, ಮತ್ತೆ ಮುಚ್ಚಿಕೊಂಡಿತ್ತು.

ರಂಗಪ್ಪ ಕಿಟಕಿಯಾಚೆ ನೋಡುತ್ತಾ ಕೂತ. ಭೀಮೇಶ ಫೋನನ್ನು ಹಾಳೆಗಳ ಮೇಲಿಟ್ಟು ಕೇಳಿದ:

“ಏರ್‌ಪೋರ್ಟಿಂದ ಕರ್ಕೊಂಡು ಹೋಗೋ ಬಸ್ಸಿಗೆ ಪರದೆ ಇರುತ್ತಾ ಸಾರ್?”

ಕೊನೆಗೂ ಒಂದು ಸುಲಭದ ಪ್ರಶ್ನೆ ಬಂತೆಂದು ನಿರಂಜನನ ಮುಖ ಅರಳಿತು.

“ಇರುತ್ತೆ ಭೀಮೇಶಣ್ಣ, ದಪ್ಪ ಪರದೆ. ಒಳಗೆ ಕೂತಿರೋರು ಯಾರು ಅಂತ ಹೊರಗಿನೋರಿಗೆ ಗೊತ್ತೇ ಆಗಲ್ಲ.”