ಗುರುವಾರದ ಬೆನ್ನು

ಕಾರಿನ ಹಾರ್ನ್ ಕೇಳಿದಾಗ ಶಿವಕಾಂತಮ್ಮನ ಹೆಗಲ ಮೇಲೆ ಇಪ್ಪತ್ತು ಕಿಲೋ ತೂಕದ ಕೆಂಪು ಬಾಳೆಗೊನೆ ಇತ್ತು. ಅದನ್ನು ಬೇಲಿಯ ಮೇಲಿಂದ ಪಕ್ಕದ ತೋಟದ ಅಕ್ಬರಿ ಬೇಗಂಗೆ ದಾಟಿಸಿ, ಅಂಗಳದಲ್ಲಿ ಓಡಿ, ಗೂಟಕ್ಕಿದ್ದ ಸೊಂಟಪಟ್ಟಿ ಬಿಗಿದುಕೊಂಡು ಮಂಚದ ಮೇಲೆ ಬಿದ್ದಳು. ಮಗ ಬಾಗಿಲು ತಳ್ಳುವಷ್ಟರಲ್ಲಿ ನರಳಾಟ ಶುರುವಾಗಿತ್ತು.

ಮಗ ಅಮರನಾಥ ಕಲಬುರಗಿಯಲ್ಲಿ ಬೆನ್ನುಮೂಳೆಯ ಶಸ್ತ್ರಚಿಕಿತ್ಸಕ. ಎರಡು ಬೆರಳು ಒತ್ತಿ ಯಾರದೇ ಬೆನ್ನಿನ ತೊಂದರೆ ಹೇಳುವವನು. ಅಂಥವನಿಗೆ ಹೆತ್ತ ತಾಯಿ ಐದು ತಿಂಗಳಿಂದ ಸುಳ್ಳು ಹೇಳುತ್ತಿದ್ದಳು.

ಎಲ್ಲ ಮಾಧವಿಗಾಗಿ. ಅವಳು ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ಸಂಶೋಧಕಿ. ಬಾಳೆನಾರನ್ನು ರಾಳದೊಂದಿಗೆ ಬೆಸೆದು, ಬೆನ್ನಿನ ಆಪರೇಷನ್ ಆದವರಿಗಾಗಿ ಹಗುರವಾದ ಸೊಂಟಪಟ್ಟಿ ಮಾಡಿದ್ದಳು. ಅದನ್ನು ಮೊದಲು ಸಾಮಾನ್ಯ ಬೆನ್ನುನೋವಿನ ಹನ್ನೆರಡು ಮಂದಿಗೆ ಕಟ್ಟಿ ನೋಡಬೇಕಿತ್ತು. ಈ ವಿಷಯ ಹೇಳುತ್ತ ಅಮರನಾಥ ಒಂದೇ ಊಟದಲ್ಲಿ ಅವಳ ಹೆಸರನ್ನು ಹನ್ನೊಂದು ಸಲ ತೆಗೆದಿದ್ದ. ಮೂವತ್ತಾರು ವರ್ಷದಲ್ಲಿ ಅವನ ಬಾಯಿಂದ ತಾಯಿ ಕೇಳಿದ ಮೊದಲ ಹುಡುಗಿಯ ಹೆಸರು ಅದು. ಊಟ ಮುಗಿದ ಮೇಲೂ ಏನೋ ಹೇಳಲು ಹೋಗಿ ನೀರು ಕುಡಿದು ಎದ್ದಿದ್ದ.

ಮರುದಿನ ಬೆಳಿಗ್ಗೆ ಶಿವಕಾಂತಮ್ಮನ ಬೆನ್ನು ಹಿಡಿದುಕೊಂಡಿತು.

ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಸ್ನಾಯುವಿನ ನೋವು ಅದರಲ್ಲಿ ಕಾಣುವುದಿಲ್ಲ ಎಂದು ಮಗನೇ ಸಮಾಧಾನ ಹೇಳಿದ. ಆಕೆಗೆ ನಿಜಕ್ಕೂ ಸಮಾಧಾನವಾಯಿತು. ಹನ್ನೆರಡನೆಯ ರೋಗಿ ಸಿಕ್ಕಾಗಿತ್ತು.

ಅಲ್ಲಿಂದ ಪ್ರತಿ ಗುರುವಾರ ಅಮರನಾಥ, ಮಾಧವಿ ಇಬ್ಬರೂ ಆಕೆಯ ಊರು ಕಮಲಾಪುರಕ್ಕೆ ಬರತೊಡಗಿದರು. ಕಲಬುರಗಿಯ ರೋಜಾ ಬಡಾವಣೆಯ ಜನಜಂಗುಳಿಯಲ್ಲಿ ಕಾರು ಸಿಕ್ಕಿ ತಡವಾದರೂ ತಪ್ಪಿಸುತ್ತಿರಲಿಲ್ಲ. ಪಟ್ಟಿಯೊಳಗೆ ಕೂದಲೆಳೆಯಂಥ ತಂತಿಗಳಿದ್ದವು. ಬೆನ್ನು ಎಷ್ಟು ಬಾಗಿತೆಂದು ಬರೆದಿಡುತ್ತಿದ್ದವು. ಆದ್ದರಿಂದ ಉಳಿದ ಆರು ದಿನ ಪಟ್ಟಿ ಗೂಟದ ಮೇಲಿರುತ್ತಿತ್ತು. ಗೂಟ ಬಾಗುವುದಿಲ್ಲ. ಇಷ್ಟು ಶಿಸ್ತಿನ ಬೆನ್ನು ಮತ್ತೊಂದಿಲ್ಲ ಎಂದು ಮಾಧವಿ ಹೊಗಳಿದಳು. ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದರೆ ಶಿವಕಾಂತಮ್ಮ ಮೊದಲು ಎಂಟು ಎನ್ನುತ್ತಿದ್ದಳು, ಮಾಧವಿ ಪಟ್ಟಿ ಸರಿಪಡಿಸಿದ ಮೇಲೆ ಎರಡು.

"ಗುರುವಾರಕ್ಕಷ್ಟೇ ಹಿಡಿಯೋ ಬೆನ್ನು ನಾ ಎಲ್ಲೂ ನೋಡಿಲ್ಲ," ಎಂದಳು ಅಕ್ಬರಿ ಬೇಗಂ. "ಅಲ್ಲ ಶಿವಕಾಂತಾ, ನೀವು ಲಿಂಗಾಯತರು, ಹುಡುಗಿ ಕುಲಕರ್ಣಿಯರಾಕಿ. ಕೂಡ್ತದೇನು?"

"ಬಾಳಿನಾರಿಗೇ ಅಂಟು ಹತ್ತಿಸ್ಯಾಳ. ನನ್ನ ಮಗ ಅದಕ್ಕಿಂತ ಒರಟೇನು?"

ಹತ್ತುತ್ತಲೂ ಇತ್ತು. ಎರಡನೆಯ ಗುರುವಾರಕ್ಕೇ ಅವನ ಚಹಾಕ್ಕೆ ಸಕ್ಕರೆ ಬೇಡವೆಂದು ಮಾಧವಿಗೆ ಗೊತ್ತಿತ್ತು. ಅದರ ಮುಂದಿನ ವಾರ ಕಾರಿನ ಕೀಲಿ ಅವಳ ಚೀಲದಿಂದ ಹೊರಬಂತು. ಒಮ್ಮೆಯಂತೂ ಅಂಗಿಯ ಗುಂಡಿ ಕಿತ್ತುಬಂದಾಗ ಅಮರನಾಥ ತಾಯಿಯನ್ನು ಬಿಟ್ಟು ಅವಳತ್ತ ನೋಡಿದ. ಇಷ್ಟು ಬೇಗ ಹಿಡಿಯುವ ಅಂಟನ್ನು ಶಿವಕಾಂತಮ್ಮ ಕಂಡಿರಲಿಲ್ಲ. ರಾತ್ರಿ ಒಬ್ಬಳೇ ನಗುತ್ತ ಮಲಗುತ್ತಿದ್ದಳು.

ಒಂದೇ ಅಪಾಯವಿತ್ತು. ಆಗಾಗ ಮಾಧವಿ ಕಪ್ಪು ಕೆಳಗಿಟ್ಟು, ಅಮ್ಮಾರ, ನಿಮಗೊಂದು ಮಾತು ಹೇಳಬೇಕಿತ್ತು ಎಂದು ಶುರುಮಾಡುತ್ತಿದ್ದಳು. ಪರೀಕ್ಷೆ ಮುಗಿಯಿತು, ಇನ್ನು ಬರುವುದಿಲ್ಲ ಎಂಬ ಮಾತೇ ಇರಬೇಕು. ಶಿವಕಾಂತಮ್ಮ ತಡಮಾಡುತ್ತಿರಲಿಲ್ಲ. ಎರಡಿದ್ದ ನೋವು ಒಂಬತ್ತಕ್ಕೆ ಏರುತ್ತಿತ್ತು. ಮಾಧವಿ ಮಾತು ನುಂಗಿ ಬೆನ್ನು ನೀವಲು ಓಡಿಬರುತ್ತಿದ್ದಳು.

ಈ ಗುರುವಾರ ಮಾಧವಿ ಲ್ಯಾಪ್‌ಟಾಪ್ ತೆರೆದೇ ಒಳಬಂದಳು. ಫಲಿತಾಂಶ ಬಂದಿತ್ತು. ಹನ್ನೆರಡನೆಯ ರೋಗಿಯ ಸಾಲಂತೂ ಪವಾಡವೇ ಎಂದಳು. ಇದರ ಬಲದ ಮೇಲೆ, ಬರುವ ತಿಂಗಳು ಆಪರೇಷನ್ ಆದ ನಲವತ್ತು ಮಂದಿಗೆ ಪಟ್ಟಿ ಕಟ್ಟುವುದೆಂದು ನಿರ್ಧಾರವಾಗಿತ್ತು.

ನರಳಾಟ ನಿಂತಿತು.

ಪಟ್ಟಿ ಸರಿ ಇರದಿದ್ದರೆ ಅವರಿಗೆ ಏನಾಗುತ್ತದೆ ಎಂದು ಶಿವಕಾಂತಮ್ಮ ಕೇಳಿದಳು. ಕೂಡಿಸಿದ ಮೂಳೆ ಅಲುಗಿದರೆ ಮತ್ತೆ ಕೊಯ್ಯಬೇಕಾದೀತು ಎಂದ ಅಮರನಾಥ.

ನಲವತ್ತು ನಿಜವಾದ ಬೆನ್ನುಗಳು, ಒಂದು ಗೂಟವನ್ನು ನಂಬಿಕೊಂಡು. ಹೇಳಿದರೆ ಈ ಹುಡುಗಿ ಸುಳ್ಳುಗಾತಿಯ ಮನೆಗೆ ಮತ್ತೆ ಕಾಲಿಡುತ್ತಾಳೆಯೇ? ಆಕೆ ಮಾಧವಿಯನ್ನು ಕಣ್ತುಂಬ ಒಮ್ಮೆ ನೋಡಿದಳು. ಮಂಚದಿಂದಿಳಿದಳು. ಪಟ್ಟಿ ಬಿಚ್ಚಿದಳು. ಮೊಣಕಾಲು ಮಡಚದೆ ಬಾಗಿ ಎರಡೂ ಅಂಗೈ ನೆಲಕ್ಕೆ ಊರಿದಳು.

"ನನ್ನ ಬೆನ್ನಿಗೆ ಏನೂ ಆಗಿಲ್ಲ. ಎಂದೂ ಆಗಿದ್ದಿಲ್ಲ," ಎಂದಳು, ಎದ್ದು ನಿಂತು. "ನಿಮ್ಮಿಬ್ಬರ ಲಗ್ನ ಆಗ್ಲಿ ಅಂತ ಈ ನಾಟಕ ಆಡೀನಿ. ನನ್ನ ಅಂಕಿ ತಗದು ಒಗಿ, ತಂಗಿ."

ಅಮರನಾಥ ತಾಯಿ ಬಿಟ್ಟೆದ್ದ ಮಂಚದ ಮೇಲೆ ಕುಸಿದು ಕುಳಿತ. ಮಾಧವಿ ಲ್ಯಾಪ್‌ಟಾಪಿನತ್ತ ತಿರುಗಿದಳು. ಹನ್ನೆರಡನೆಯ ಸಾಲನ್ನು ಅಳಿಸಿ, ಉಳಿದ ಹನ್ನೊಂದನ್ನು ಎರಡು ಸಲ ಕೂಡಿಸಿ ನೋಡಿದಳು. ಸೊಂಟಪಟ್ಟಿ ಚೆನ್ನಾಗಿಯೇ ಇತ್ತು, ಪವಾಡವಷ್ಟೇ ಹೋಗಿತ್ತು. ನಲವತ್ತು ಮಂದಿಗೆ ಭಯವಿರಲಿಲ್ಲ.

ಆಮೇಲೆ ಅಮರನಾಥನ ಭುಜಗಳು ಕುಲುಕತೊಡಗಿದವು. ಅಳುತ್ತಿದ್ದಾನೆಂದು ಶಿವಕಾಂತಮ್ಮ ಹತ್ತಿರ ಹೋದರೆ, ನಗು ತಡೆಯಲಾಗದೆ ಅಂಗಿಯ ತೋಳು ಕಚ್ಚಿಕೊಂಡಿದ್ದ.

ಮಾಧವಿ ಬಂದು ಆಕೆಯ ಎರಡೂ ಕೈ ಹಿಡಿದಳು. "ಪ್ರತಿ ಗುರುವಾರ ಒಂದು ಮಾತು ಹೇಳ್ಬೇಕಂತನ ಬರ್ತಿದ್ವಿರಿ. ಬಾಯಿ ತೆರೆದ್ರ ಸಾಕು, ನಿಮ್ಮ ಬೆನ್ನು ಹಿಡೀತಿತ್ತು."

"ಏನು ಮಾತವ್ವ?"

"ನಮ್ಮ ಲಗ್ನ ಆಗಿ ಏಳು ತಿಂಗಳಾತ್ರಿ, ಅತ್ತಿ."