ಬೊಳ್ಳುಕೋಟೆ

ಶಾಂತಿ ಒಪ್ಪಂದಕ್ಕೆ ಮಗಳು ಒಪ್ಪಿಕೊಂಡದ್ದೇ ಸ್ವರ್ಣಲತಾಳಿಗೆ ಸಂಶಯ ಹುಟ್ಟಿಸಿತು. ತೆಂಗಿನಕಾಯಿ ತುರಿಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನನ್ನು ಇನ್ನೊಮ್ಮೆ ನೋಡಿದಳು. ಆಟದ ಪರದೆಯಲ್ಲಿ ಮಗಳು ಸುಪ್ರೀತಾಳ ಸಾಮ್ರಾಜ್ಯದ ಕೆಂಪು ಬಾವುಟದ ಪಕ್ಕ ಬಿಳಿ ಪಾರಿವಾಳವೊಂದು ಕೂತಿತ್ತು.

ಮೂಡುಬಿದಿರೆಯ ಕಾಲೇಜಿಗೆ ಸೇರಿ ಅಲ್ಲಿನ ಪಿಜಿಯಲ್ಲಿರಲು ಹೊರಟ ದಿನ ಸುಪ್ರೀತಾಳೇ ಈ ಆಟವನ್ನು ಅಮ್ಮನ ಫೋನಿಗೆ ಹಾಕಿಕೊಟ್ಟಿದ್ದಳು. ಒಬ್ಬರ ಸರದಿ ಮುಗಿದ ಮೇಲೆ ಇನ್ನೊಬ್ಬರದು. ಊರು ಕಟ್ಟುವುದು, ದಂಡು ಕೂಡಿಸುವುದು, ರಾಯಭಾರಿ ಕಳಿಸುವುದು. ಮೊದಮೊದಲು ಸ್ವರ್ಣಲತಾ ನೆರೆಯ ರಾಜರಿಗೆಲ್ಲ ಅಕ್ಕಿ ಹಂಚಿ ಬರಿಗೈಯಾಗುತ್ತಿದ್ದಳು. "ಗಡಿಯಲ್ಲಿ ಸೈನ್ಯ ಇಲ್ಲದೆ ಕೊಟ್ಟರೆ ಅದು ಉಡುಗೊರೆ ಅಲ್ಲಮ್ಮ, ಹೆದರಿಕೆ" ಎಂದು ಮಗಳು ಫೋನಿನಲ್ಲಿ ಪಾಠ ಮಾಡುತ್ತಿದ್ದಳು. "ಕೇಳಿದ ಕೂಡಲೇ ಹೂಂ ಅನ್ನುವವರನ್ನು ನಂಬಲೇಬೇಡ. ಒಳಗೆ ಎಂತದೋ ಉಂಟು ಅಂತ ಲೆಕ್ಕ." ಹಾಗೆ ಕಲಿಸುತ್ತಲೇ ಅಮ್ಮನ ಊರುಗಳಿಗೆ ಬೆಂಕಿ ಇಡುತ್ತಿದ್ದಳು. ಎಷ್ಟು ಗೋಗರೆದರೂ ಒಮ್ಮೆಯೂ ಶಾಂತಿ ಕೊಟ್ಟವಳಲ್ಲ.

ಈಗ ಕೇಳಿದ ಕೂಡಲೇ ಕೊಟ್ಟಿದ್ದಳು. ಅದೊಂದೇ ಅಲ್ಲ, ಕೆಲವು ದಿನಗಳಿಂದ ಕೆಂಪು ಸೈನ್ಯ ಕೋಟೆಯೊಳಗೇ ಕುಳಿತಿತ್ತು. ಹೊಲ, ಕಾಲುವೆ, ಸಂತೆ ಎಂದು ಒಳಗೊಳಗೇ ಕಟ್ಟಿಕೊಳ್ಳುತ್ತಿದ್ದರು. ಫೋನು ಮಾಡಿದರೆ ಮಾತಾಡುವುದು ಮಗಳೇ. "ಹಾಂ ಅಮ್ಮ. ಊಟ ಆಯ್ತು. ಕ್ಲಾಸುಂಟು, ಇಡ್ತೇನೆ." ಸ್ವರ ಮಗಳದು, ಆಟದ ಕೈ ಮಾತ್ರ ಬೇರೆ ಯಾರದೋ. ಅವಳ ಫೋನು ಯಾರ ಹತ್ತಿರ ಇದೆ? ಯಾವನಾದರೂ ಹುಡುಗನ ಹತ್ತಿರವೇ?

ಮಧ್ಯಾಹ್ನ ಊಟಕ್ಕೆ ಬಂದ ಗಂಡ ಲೋಕನಾಥನಿಗೆ ಹೇಳಿದಳು.

"ಜಗಳ ಮಾಡ್ಲಿಲ್ಲ ಅಂತ ದೂರು ಹೇಳುವುದಾ ಮಾರಾಯ್ತಿ? ಬುದ್ಧಿ ಬಂದಿರ್ಬೇಕು ಅವಳಿಗೆ."

"ನಿಮ್ಮ ಮಗಳಿಗೆ? ಒಂದೇ ವಾರದಲ್ಲಿ?"

ಲೋಕನಾಥ ಸಾರು ಬಡಿಸಿಕೊಂಡ.

ಮರುದಿನ ಬೆಳಿಗ್ಗೆ ಸ್ವರ್ಣಲತಾ ಒಂದು ಬಲೆ ಹಾಕಿದಳು. ಆಟದಲ್ಲಿ ಸುಪ್ರೀತಾ ಕಟ್ಟಿದ ಮೊದಲ ಊರಿನ ಹೆಸರು ಬೊಳ್ಳುಕೋಟೆ. ಬೊಳ್ಳು ಅವರ ಮನೆಯ ಬಿಳಿ ನಾಯಿ. ಗುರುವಾಯನಕೆರೆ ಪೇಟೆಯಲ್ಲಿ ಬಸ್ಸಿನಡಿಗೆ ಬಿದ್ದು ಸತ್ತಾಗ ಸುಪ್ರೀತಾ ಗಂಜಿ ಮುಟ್ಟದೆ ಮಲಗಿದ್ದಳು. ಸಾಮ್ರಾಜ್ಯವೇ ಮುಳುಗಿದರೂ ಆ ಊರನ್ನು ಬಿಟ್ಟುಕೊಡುವವಳಲ್ಲ. ಸ್ವರ್ಣಲತಾ ರಾಯಭಾರಿಯನ್ನು ಕಳಿಸಿದಳು: ಬೊಳ್ಳುಕೋಟೆ ಕೊಡು, ನನ್ನ ಆನೆಗಳನ್ನೆಲ್ಲ ತಗೋ. ಸೌತೆಕಾಯಿ ಹೆಚ್ಚಿ ಮುಗಿಯುವ ಮೊದಲೇ ಉತ್ತರ ಬಂತು. ಒಪ್ಪಿಗೆ.

ಹೆಚ್ಚಿದ್ದನ್ನು ಹಾಗೆಯೇ ಮುಚ್ಚಿಟ್ಟು ಅವಳು ಮೂಡುಬಿದಿರೆಯ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವಳ ಮನಸ್ಸು ಒಬ್ಬ ಹುಡುಗನಿಗೆ ಕಣ್ಣು ಮೂಗು ಬರೆಯುತ್ತ ಹೋಯಿತು. ವೇಣೂರು ದಾಟುವಾಗ ಅವನಿಗೆ ಗಡ್ಡವೂ ಬಂದಿತ್ತು.

ಪಿಜಿಯ ಬಾಗಿಲು ತೆರೆದವಳು ಹಸ್ನಾ, ಮಗಳ ಜೊತೆ ಕೋಣೆ ಹಂಚಿಕೊಂಡಿರುವ ಅಳದಂಗಡಿಯ ಹುಡುಗಿ. ಅವಳ ಕೈಯಲ್ಲಿ ಸುಪ್ರೀತಾಳ ಫೋನು. ಪರದೆಯಲ್ಲಿ ಕೆಂಪು ಬಾವುಟ.

"ಆಂಟಿ, ನೀವಾ..."

"ಬೊಳ್ಳುಕೋಟೆ ಮಾರಿದ್ದು ನೀನಾ?"

ಹಸ್ನಾ ಫೋನನ್ನು ಬೆನ್ನ ಹಿಂದೆ ಮರೆಮಾಡಿದಳು, ಮತ್ತೆ ತಾನೇ ಮುಂದೆ ತಂದಳು. "ಅಷ್ಟು ಆನೆ ಸಿಗ್ತದಲ್ವಾ ಅಂತ... ಲಾಭ ಅಂತ ಕಂಡಿತು ಆಂಟಿ."

"ಅವಳೆಲ್ಲಿ?"

ಹಸ್ನಾ ಬಾಗಿಲಿನಿಂದ ಸರಿದು ನಿಂತಳು. ಮಂಚದ ಮೇಲೆ, ಗೋಡೆಯ ಕಡೆ ತಿರುಗಿ, ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು ಯಾರೋ ಮಲಗಿದ್ದರು. ಹೊರಗೆ ಚಾಚಿದ್ದ ಹಿಮ್ಮಡಿ ಕಂಡೊಡನೆ ಮಗಳದೆಂದು ಗೊತ್ತಾಯಿತು.

"ಸೆಮಿನಾರಿಗೆ ಎದ್ದು ನಿಂತಳು, ಮಾತೇ ಬರ್ಲಿಲ್ಲ. ಕ್ಲಾಸಿಡೀ ನಗಾಡಿತು" ಎಂದು ಹಸ್ನಾ ಪಿಸುಗುಟ್ಟಿದಳು. "ಮತ್ತೆ ಕಾಲೇಜಿಗೆ ಹೋಗ್ಲೇ ಇಲ್ಲ. ಹೀಗೇ ಮಲಗಿದ್ದಾಳೆ. ಸರದಿ ತಪ್ಪಿದರೆ ಅಮ್ಮನಿಗೆ ಗೊತ್ತಾಗ್ತದೆ, ನೀನೇ ಆಡು ಅಂತ ಫೋನು ಕೊಟ್ಟಳು. ನನಗೆ ಜಗಳ ಮಾಡ್ಲಿಕ್ಕೆ ಬರುವುದಿಲ್ಲ ಆಂಟಿ."

ಸ್ವರ್ಣಲತಾ ಚಪ್ಪಲಿ ಕಳಚಿ ಹೋಗಿ ಮಂಚದ ಅಂಚಿನಲ್ಲಿ ಕುಳಿತಳು. ಹೊದಿಕೆ ಎಳೆಯಲಿಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ಗಡ್ಡದ ಹುಡುಗ ಯಾವಾಗಲೋ ಮಾಯವಾಗಿದ್ದ. ಆ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹೊದಿಕೆಯ ಒಳಗಿಂದ ಸ್ವರ ಬಂತು.

"ಹಸ್ನಾ, ಬೊಳ್ಳುಕೋಟೆ ಕೊಟ್ಟಿಯಾ ನೀನು?"

"ಕೊಟ್ಟಾಯ್ತು. ಈಗ ಅದು ನನ್ನದು" ಎಂದಳು ಸ್ವರ್ಣಲತಾ.

ಹೊದಿಕೆ ಸರಿಯಿತು. ಕೆದರಿದ ಕೂದಲು, ಊದಿಕೊಂಡ ಕಣ್ಣು. ಸುಪ್ರೀತಾ ಮೊಣಕೈ ಊರಿ ಅರ್ಧ ಎದ್ದಳು. "ಅದು ಮೋಸ ಅಮ್ಮ. ನಾನು ಒಪ್ಪಿದ್ದಲ್ಲ. ವಾಪಸು ಕೊಡು."

ಸ್ವರ್ಣಲತಾ ಹಸ್ನಾಳಿಂದ ಫೋನು ತೆಗೆದುಕೊಂಡು ಮಗಳ ಮುಂದೆ ಹಿಡಿದಳು. ಇನ್ನೊಂದು ಕೈ ಹಿಮ್ಮಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

"ಕೇಳಿದ ಕೂಡಲೇ ಕೊಡ್ತಾರಾ? ನನ್ನ ಆನೆಗಳೆಲ್ಲ ಈಗ ನಿನ್ನ ಹತ್ತಿರವೇ ಉಂಟು. ಯುದ್ಧ ಮಾಡಿ ತಗೋ."