ಐದನೇ ಬಾಟಲಿ

ಪರೀಕ್ಷಾ ಪಟ್ಟಿಯ ಮೇಲೆ ಎರಡನೇ ಗೆರೆ ಮೂಡಿದ್ದೇ ತಡ, ಅಧಿಕಾರಿಣಿಯ ಹುಬ್ಬು ಮೇಲೇರಿತು.

"ತಪ್ಪು," ಎಂದರು ಆಕೆ.

ಪ್ರಯೋಗಾಲಯದ ಮುಖ್ಯಸ್ಥೆ ಬಗ್ಗಿ ಇನ್ನೊಮ್ಮೆ ನೋಡಿದಳು. ಒಂದು ಗೆರೆ ಬಂದರೆ ಬಸಿರಿಲ್ಲ, ಎರಡು ಬಂದರೆ ಬಸಿರು. ಅದನ್ನು ಓದಲು ದೊಡ್ಡ ವಿದ್ಯೆಯೇನೂ ಬೇಡ, ಕಣ್ಣಿದ್ದರೆ ಸಾಕು. ಕಣ್ಣಿಗೆ ಎರಡು ಕಾಣುತ್ತಿದ್ದವು, ಕೆಂಪಗೆ, ಢಾಳಾಗಿ.

ವರ್ಷಕ್ಕೊಮ್ಮೆ ಬರುವ ಗಂಡಾಂತರ ಇದು. ಸರ್ಕಾರದ ಗುಣಮಟ್ಟ ವಿಭಾಗದವರು ಉತ್ತರ ಗೊತ್ತಿರುವ ಮಾದರಿಗಳನ್ನು ತಂದು, ಎದುರಿಗೇ ಕೂತು ಪರೀಕ್ಷೆ ಮಾಡಿಸುತ್ತಾರೆ. ಐದೂ ತಾಳೆಯಾದರೆ ಮುಂದಿನ ವರ್ಷಕ್ಕೂ ಅನುದಾನ. ಒಂದು ತಪ್ಪಿದರೂ ಈ ಪುಟ್ಟ ಪ್ರಯೋಗಾಲಯಕ್ಕೆ ಬೀಗ; ಮುಖ್ಯಸ್ಥೆ ದೊಡ್ಡಾಸ್ಪತ್ರೆಯಲ್ಲಿ ಯಾರದೋ ಕೈಕೆಳಗೆ ಮೂಲೆಯ ಕುರ್ಚಿ ಹಿಡಿಯಬೇಕು. ಮನೆಯಲ್ಲಿ ಅಡುಗೆಮನೆ ಅತ್ತೆಯದು, ಹಜಾರ ಗಂಡನದು, ಕಿಟಕಿ ಇರುವ ಕೋಣೆ ಮಗಳದು. ತನ್ನದು ಎಂದು ಆಕೆಗೆ ಇದ್ದದ್ದು ಸ್ಪಿರಿಟ್ ವಾಸನೆಯ ಈ ಕೋಣೆಯೊಂದೇ.

ಆ ವಾಸನೆಯ ಮೇಲೂ ಅಧಿಕಾರಿಣಿಗೆ ಇಂದು ಸಿಟ್ಟು. ಬಂದವರೇ ಮೂಗು ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆಗೆಸಿದರು. ಕೊಟ್ಟ ಕಾಫಿಯನ್ನು ದೂರ ಸರಿಸಿದರು. ತಪ್ಪು ಹುಡುಕುವವರಿಗೆ ಕಾಫಿಯೂ ಒಂದು ಸಾಕ್ಷಿ ಎಂದುಕೊಂಡಳು ಮುಖ್ಯಸ್ಥೆ. ಇಲಾಖೆಯಲ್ಲಿ ಅಧಿಕಾರಿಣಿಗೆ ಕೆಂಪು ಪೆನ್ನು ಎಂದೇ ಅಡ್ಡಹೆಸರು. ಮನೆಯಲ್ಲಿರುವುದು ಗಂಡ ಮತ್ತು ಒಂದು ಬೆಕ್ಕು ಅಷ್ಟೇ, ಬೆಕ್ಕು ಕೂಡ ಅನುಮತಿ ಪಡೆದೇ ಮಿಯಾಂವ್ ಎನ್ನುತ್ತದಂತೆ ಎಂದು ಟೆಕ್ನಿಷಿಯನ್ ಬೆಳಗ್ಗೆಯೇ ನಗಿಸಿದ್ದ.

ಸಕ್ಕರೆ, ಕೊಬ್ಬು, ಹಿಮೋಗ್ಲೋಬಿನ್, ಕಾಮಾಲೆ. ನಾಲ್ಕು ಬಾಟಲಿಗಳ ಉತ್ತರ ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಈ ಐದನೆಯ ಮೂತ್ರದ ಬಾಟಲಿಯೇ ಕೈಕೊಟ್ಟಿತ್ತು.

ಹೊಸ ಪಟ್ಟಿ ಅದ್ದಿದರು. ಎರಡು ಗೆರೆ. ಬೇರೆ ಡಬ್ಬಿ ಒಡೆದು ಇನ್ನೊಂದು ಅದ್ದಿದರು. ಆಗಲೂ ಎರಡು. ನಿಮ್ಮ ಪಟ್ಟಿಗಳೇ ಕೆಟ್ಟಿವೆ, ಏನು ಅದ್ದಿದರೂ ಬಸಿರು ಎನ್ನುತ್ತವೆ ಎಂದು ಅಧಿಕಾರಿಣಿ ತೀರ್ಪು ಕೊಟ್ಟರು.

ಟೆಕ್ನಿಷಿಯನ್‌ಗೆ ಅದು ಮರ್ಯಾದೆಯ ಪ್ರಶ್ನೆಯಾಯಿತು. ಖಾಲಿ ಬಾಟಲಿಯೊಂದನ್ನು ಎತ್ತಿಕೊಂಡು ಸೀದಾ ಹೊರಗೆ ನಡೆದ. ಸ್ವಲ್ಪ ಹೊತ್ತಿಗೆ ತುಂಬಿದ ಬಾಟಲಿಯೊಂದಿಗೆ ವಾಪಸಾದ. ಪಟ್ಟಿ ಅದ್ದಿದ. ಒಂದೇ ಗೆರೆ.

"ನನಗೇನೂ ಇಲ್ಲ ಅಕ್ಕಾ," ಎಂದ ಗಂಭೀರವಾಗಿ. "ಅಮ್ಮನಿಗೆ ಫೋನ್ ಮಾಡಿ ಹೇಳಿಬಿಡ್ತೀನಿ, ಗಾಬರಿ ಆಗ್ಬೇಡ ಅಂತ."

ಮುಖ್ಯಸ್ಥೆ ತುಟಿ ಕಚ್ಚಿ ಹಿಡಿದಳು. ನಗು ಮೂಗಿನಿಂದ ಹೊರಬಿತ್ತು. ನೌಕರಿಗೆ ಕುತ್ತು ಬಂದಿರುವ ಹೊತ್ತಿನಲ್ಲಿ ಇದೆಂಥ ನಗು ಎಂದು ತನ್ನನ್ನೇ ಬೈದುಕೊಂಡಷ್ಟೂ ಅದು ಬಿಕ್ಕಳಿಕೆಯಂತೆ ಉಕ್ಕಿ ಬಂತು.

ಅಧಿಕಾರಿಣಿ ನಗಲಿಲ್ಲ. ಬಾಟಲಿಗೇ ಏನೋ ಸೇರಿರಬೇಕು, ಇನ್ನೊಂದು ತರುತ್ತೇನೆ ಎಂದು ಚೀಲ ಹೆಗಲಿಗೇರಿಸಿ ಹೊರಗೆ ಹೋದರು. ಬಹಳ ಹೊತ್ತು ಬರಲೇ ಇಲ್ಲ. ಬಂದು ಕೊಟ್ಟ ಬಾಟಲಿ ಅಂಗೈಗೆ ಬೆಚ್ಚಗಿತ್ತು. ಬಿಸಿಲಲ್ಲಿ ನಿಂತ ಕಾರಿನಲ್ಲಿ ಇಟ್ಟಿದ್ದರೇನೋ, ಇಷ್ಟು ಅಚ್ಚುಕಟ್ಟಿನವರು ಹೀಗೆ ಮಾಡುವುದೇ ಎಂದು ಮುಖ್ಯಸ್ಥೆ ಮನಸ್ಸಿನಲ್ಲೇ ಒಂದು ಅಂಕ ಕಳೆದಳು.

ಪಟ್ಟಿ ಅದ್ದಿದಳು. ಎರಡು ಗೆರೆ, ಮೊದಲಿಗಿಂತ ಒಂದು ಕೈ ಮೇಲು.

ಅಧಿಕಾರಿಣಿ ಪಟ್ಟಿಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಆಮೇಲೆ ದನಿ ತಗ್ಗಿಸಿದರು.

"ಇಲ್ಲ ಅಂತ ಬರೆದುಬಿಡಿ. ನಾನೂ ಸುಮ್ಮನಾಗ್ತೀನಿ. ನಿಮ್ಮ ಅನುದಾನ ಬರುತ್ತೆ."

ಎಷ್ಟು ಸುಲಭ. ಆದರೆ ಮುಖ್ಯಸ್ಥೆಗೆ ಈ ಮಾತಿನ ಧಾಟಿ ಹಳೆಯ ಪರಿಚಯ. ತಲೆಸುತ್ತು ಎಂದಾಗ ನಿನಗೇನೂ ಇಲ್ಲ ಎಂದವರು, ಬೇಸರ ಎಂದಾಗ ನಿನಗೇನು ಕಡಿಮೆ ಎಂದವರು, ಎಲ್ಲರದೂ ಇದೇ ಧಾಟಿ. ಇದ್ದದ್ದನ್ನು ಇಲ್ಲ ಎಂದು ಒಪ್ಪಿಕೊಂಡು ಅರ್ಧ ಆಯುಷ್ಯ ಕಳೆದಿತ್ತು. ಈ ಕೋಣೆಯಲ್ಲೂ ಹಾಗೇ ಮಾಡಿದರೆ ಇದು ತನ್ನದು ಹೇಗಾದೀತು? ಯೋಚಿಸುತ್ತಲೇ ತಲೆ ಹಗುರಾಗಿ, ಕಾಲು ನೆಲದಿಂದ ಒಂದಿಷ್ಟು ಮೇಲೆದ್ದ ಹಾಗಾಯಿತು.

"ಎರಡಿದೆ ಮೇಡಂ, ಎರಡು ಅಂತಲೇ ಬರೀತೀನಿ. ಬೀಗ ಹಾಕೋದಾದ್ರೆ ಹಾಕಿ."

"ಆ ಹೆಂಗಸಿಗೆ ಇರೋಕೆ ಸಾಧ್ಯವೇ ಇಲ್ಲ. ಡಾಕ್ಟರುಗಳು ಕೈಚೆಲ್ಲಿ ಎಷ್ಟೋ ಕಾಲ ಆಯ್ತು."

"ಡಾಕ್ಟರುಗಳನ್ನ ಬಿಡಿ. ಅವಳು ಯಾರೋ, ಮೊದಲು ಹೋಗಿ ಅವಳಿಗೆ ಹೇಳಿ. ಭಾರ ಎತ್ತಬೇಡ ಅಂತ ಹೇಳಿ, ಹೊತ್ತುಹೊತ್ತಿಗೆ ತಿನ್ನು ಅಂತ ಹೇಳಿ. ಪಾಪ, ಗೊತ್ತಿಲ್ಲದೆ ಎಲ್ಲಿ ಅಲೆಯುತ್ತಾ ಇದ್ದಾಳೋ."

ಅಧಿಕಾರಿಣಿ ಕುರ್ಚಿ ಎಳೆದುಕೊಂಡು ಕೂತರು. ಕಿವಿ ಕೆಂಪಗಾಗಿತ್ತು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲು ಎರಡು ಸಲ ಹೆಣಗಿ, ಕೊನೆಗೆ ಐದನೆಯ ಉತ್ತರದ ಎದುರಿಗೆ 'ಸರಿ' ಎಂದು ಬರೆದರು. ಅಕ್ಷರ ಸೊಟ್ಟಗೆ ಬಂತು. ಟೆಕ್ನಿಷಿಯನ್ ಕೂತಲ್ಲೇ ಒಂದು ಕುಣಿತ ಕುಣಿದ.

ಈಗ ತಾನೇ ತಪ್ಪು ಎಂದವರು ಏಕಾಏಕಿ ಸರಿ ಎಂದದ್ದು ಹೇಗೆಂದು ಮುಖ್ಯಸ್ಥೆ ಕೇಳಿಯೇಬಿಟ್ಟಳು.

"ಮಾದರಿ ಕೊಳ್ಳೋಕೆ ಈ ವರ್ಷ ನಮ್ಮ ವಿಭಾಗಕ್ಕೇ ಅನುದಾನ ಬಂದಿಲ್ಲ," ಎಂದರು ಅಧಿಕಾರಿಣಿ, ಯಾರನ್ನೂ ನೋಡದೆ. "ಹಳೇ ದಾಸ್ತಾನಲ್ಲಿ ನಾಲ್ಕೇ ಉಳಿದಿದ್ವು. ಐದನೇದಕ್ಕೆ, ಖಂಡಿತ ಇಲ್ಲ ಅಂತ ಗೊತ್ತಿರೋದು ಒಂದು ಬೇಕಿತ್ತು."

ಹೆಗಲ ಮೇಲಿನ ಚೀಲವನ್ನು ಮೆಲ್ಲಗೆ, ಬಹಳ ಮೆಲ್ಲಗೆ, ನೆಲಕ್ಕಿಳಿಸಿದರು.

"ಬೆಳಗ್ಗೆ ಮನೇಲಿ ನಾನೇ ತುಂಬಿಸ್ಕೊಂಡು ಬಂದೆ."